ಇಷ್ಟು ನೀರು ಹರಿದರೂ ಇ. ಕೋಲೈ ಮೂತ್ರಕೋಶ ಬಿಟ್ಟು ಯಾಕೆ ಹೋಗುವುದಿಲ್ಲ?

ತುಂಗಾತೀರ (ಪ್ರಶ್ನೆ)

ಉರಿಮೂತ್ರ ಮತ್ತೆ ಬಂದಿದೆ. ಮೂತ್ರದಲ್ಲಿರುವುದನ್ನು ಬೆಳೆಸಿ ನೋಡುವ ಕಲ್ಚರ್ ರಿಪೋರ್ಟ್‌ನಲ್ಲಿ ಹೋದ ಸಲದ ಹಾಗೆಯೇ ಇ. ಕೋಲೈ ಅನ್ನುವ ಬ್ಯಾಕ್ಟೀರಿಯಾ. ಮಾತ್ರೆ ಶುರುವಾಗಿದೆ, ಉರಿ ಇಳಿಯುತ್ತಿದೆ, ಹಾಗಾಗಿ ಯಾವ ಮಾತ್ರೆ ಒಳ್ಳೆಯದು ಅಂತ ಕೇಳಲು ಬಂದಿಲ್ಲ. ನನಗೆ ಬೇಕಿರುವುದು ಬೇರೆ. ಡಾಕ್ಟರ್ ಹತ್ತಿರ ಕೇಳೋಣ ಅಂದರೆ ಹೊರಗೆ ಅಷ್ಟೊಂದು ಜನ ಕಾಯುತ್ತಿದ್ದರು, ಅವರಾದರೂ ಎಷ್ಟು ಅಂತ ಬಿಡಿಸಿ ಹೇಳಿಯಾರು.

ಮೂತ್ರಕೋಶ ಅಂದರೆ ದಿನಕ್ಕೆ ಆರೇಳು ಸಲ ತುಂಬಿ ಖಾಲಿಯಾಗುವ ಜಾಗ. ಒಳಗೆ ಏನೇ ಸೇರಿಕೊಂಡರೂ ಹರಿವಿನ ಜೊತೆ ಹೊರಗೆ ಹೋಗಬೇಕು, ಅಲ್ವಾ? ನಾನು ನೀರು ಚೆನ್ನಾಗಿಯೇ ಕುಡಿಯುತ್ತೇನೆ. ಆದರೂ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ ಅಲ್ಲಿ ಹೇಗೆ ನಿಲ್ಲುತ್ತದೆ? ಏನನ್ನು ಹಿಡಿದುಕೊಳ್ಳುತ್ತದೆ, ಯಾವುದರಿಂದ ಹಿಡಿದುಕೊಳ್ಳುತ್ತದೆ? ಇನ್ನೊಂದು ಪ್ರಶ್ನೆ. ಕೋರ್ಸ್ ಪೂರ್ತಿ ಮುಗಿಸಿ, ಮೂತ್ರ ಪರೀಕ್ಷೆಯೂ ಸರಿ ಬಂದು, ಕೆಲವು ವಾರ ಆರಾಮಾಗಿದ್ದು, ಆಮೇಲೆ ಮತ್ತೆ ಅದೇ ಬ್ಯಾಕ್ಟೀರಿಯಾ ಯಾಕೆ? ಎಲ್ಲಿ ಅಡಗಿತ್ತು ಅದು?

ಮನೆಯಲ್ಲಿ ಎಲ್ಲರೂ ಉಷ್ಣ ಜಾಸ್ತಿಯಾಗಿದೆ, ಬಾರ್ಲಿ ಕುಡಿ ಅನ್ನುತ್ತಾರೆ. ಕುಡಿಯುತ್ತಿದ್ದೇನೆ. ಬಯಾಲಜಿಯನ್ನು ಪಿಯುಸಿಗೇ ಬಿಟ್ಟವಳು ನಾನು, ಆದರೂ ವಿವರವಾಗಿ ಬರೆದರೆ ಕೂತು ಓದುತ್ತೇನೆ. ದಯವಿಟ್ಟು ಒಂದು ಸಾಲಿನಲ್ಲಿ ಮುಗಿಸಬೇಡಿ.

ಅಗಾರ್ ಪ್ಲೇಟ್

ನಾನು ಮೈಕ್ರೋಬಯಾಲಜಿ ಓದಿದವಳು. ಲ್ಯಾಬಿನಲ್ಲಿ ದಿನಾ ಮೂತ್ರದ ಕಲ್ಚರ್ ನೋಡುತ್ತೇನೆ. ನೀವು ಕೇಳಿದ್ದು ಈ ಕಾಯಿಲೆಯ ಬುಡದ ಪ್ರಶ್ನೆ, ಹಾಗಾಗಿ ಉದ್ದವಾಗಿಯೇ ಬರೆಯುತ್ತೇನೆ.

ಇ. ಕೋಲೈ ನಮ್ಮೆಲ್ಲರ ಕರುಳಿನಲ್ಲೂ ಇರುತ್ತದೆ. ಬಹುಪಾಲು ತಳಿಗಳು ಯಾರಿಗೂ ತೊಂದರೆ ಕೊಡುವುದಿಲ್ಲ. ಮೂತ್ರಕೋಶದಲ್ಲಿ ನೆಲೆ ಊರಬಲ್ಲ ಕೆಲವು ತಳಿಗಳನ್ನು ಯುಪೆಕ್ ಅಂತ ಕರೆಯುತ್ತಾರೆ. ಬೇರೆ ತೊಡಕಿಲ್ಲದ ಮೂತ್ರದ ಸೋಂಕಿನಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಇವುಗಳದ್ದೇ. ಮಲದ್ವಾರದ ಸುತ್ತಲಿನ ಚರ್ಮದಿಂದ ಮೂತ್ರದ್ವಾರಕ್ಕೆ, ಅಲ್ಲಿಂದ ಮೇಲಕ್ಕೆ. ಹೆಂಗಸರಲ್ಲಿ ಮೂತ್ರನಾಳ ಸುಮಾರು 4 ಸೆಂಟಿಮೀಟರ್ ಉದ್ದ, ಗಂಡಸರಲ್ಲಿ 20ರ ಹತ್ತಿರ. ಹೆಂಗಸರಿಗೆ ಇದು ಇಷ್ಟು ಜಾಸ್ತಿ ಬರಲು ದೊಡ್ಡ ಕಾರಣ ಈ ಅಂತರ. ಇದರಲ್ಲಿ ಯಾರ ಶುಚಿತ್ವದ ತಪ್ಪೂ ಇಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಲ್ಯಾಬಿಗೆ ಬರುವ ಎಷ್ಟೋ ಹೆಣ್ಣುಮಕ್ಕಳು ತಲೆ ತಗ್ಗಿಸಿಕೊಂಡು ಡಬ್ಬಿ ಕೊಟ್ಟು ಹೋಗುತ್ತಾರೆ.

ಈಗ ಹಿಡಿತದ ವಿಷಯ. ಈ ಬ್ಯಾಕ್ಟೀರಿಯಾದ ಮೈಮೇಲೆ ಪಿಲೈ ಅನ್ನುವ ನೂರಾರು ತೆಳು ಎಳೆಗಳಿರುತ್ತವೆ. ಒಂದೊಂದು ಎಳೆಯ ಉದ್ದ ಒಂದೆರಡು ಮೈಕ್ರೋಮೀಟರ್, ಅಂದರೆ ಬ್ಯಾಕ್ಟೀರಿಯಾದ ಮೈಯಷ್ಟೇ ಉದ್ದ. ಎಳೆಯ ಕಾಂಡ ಫಿಮ್‌ಎ ಅನ್ನುವ ಒಂದೇ ಪ್ರೋಟೀನಿನ ಸಾವಿರಕ್ಕೂ ಹೆಚ್ಚು ಪ್ರತಿಗಳು ಸುರುಳಿಯಾಗಿ ಜೋಡಿಸಿಕೊಂಡು ಆದದ್ದು. ತುದಿಯಲ್ಲಿ ಮಾತ್ರ ಬೇರೆಯದೇ ಪ್ರೋಟೀನ್, ಒಂದೇ ಒಂದು ಪ್ರತಿ. ಅದರ ಹೆಸರು ಫಿಮ್‌ಎಚ್. ಹಿಡಿಯುವ ಕೆಲಸವೆಲ್ಲ ಅದರದ್ದು.

ಅದು ಹಿಡಿಯುವುದು ಏನನ್ನು? ಸಕ್ಕರೆಯನ್ನು. ಮೂತ್ರಕೋಶದ ಒಳಗೋಡೆಯ ಮೇಲ್ಪದರದಲ್ಲಿ ಅಂಬ್ರೆಲಾ ಸೆಲ್ ಅನ್ನುವ ದೊಡ್ಡ ಕೋಶಗಳಿವೆ. ಇವುಗಳ ಹೊರಮೈಯನ್ನು ಯೂರೋಪ್ಲಾಕಿನ್ ಅನ್ನುವ ಪ್ರೋಟೀನುಗಳು ಒತ್ತೊತ್ತಾಗಿ ಮುಚ್ಚಿರುತ್ತವೆ. ಮೂತ್ರದಲ್ಲಿರುವ ಕೆಟ್ಟ ರಾಸಾಯನಿಕಗಳು ವಾಪಸ್ ಮೈಗೆ ಇಳಿಯದಂತೆ ತಡೆಯುವ ಪದರ ಅದು. ಅದರಲ್ಲಿ ಯೂರೋಪ್ಲಾಕಿನ್ ಒನ್-ಎ ಅನ್ನುವುದರ ಮೇಲೆ ಮ್ಯಾನೋಸ್ ಸಕ್ಕರೆಯ ಸರಪಳಿ ಇದೆ. ಫಿಮ್‌ಎಚ್‌ನ ತುದಿಯಲ್ಲಿ ಮ್ಯಾನೋಸ್ ಸರಿಯಾಗಿ ಕೂರುವಂಥ ಒಂದು ಗುಳಿ ಇದೆ. ಮೂತ್ರಕೋಶದ ಒಳಗೋಡೆಯ ತುಂಬಾ ಯೂರೋಪ್ಲಾಕಿನ್ ಇರುವುದರಿಂದ ಹಿಡಿಯಲು ಜಾಗಕ್ಕೆ ಕೊರತೆಯೇ ಇಲ್ಲ.

ಇನ್ನು ನಿಮ್ಮ ಹರಿವಿನ ಪ್ರಶ್ನೆ. ಫಿಮ್‌ಎಚ್‌ನಲ್ಲಿ ಎರಡು ಭಾಗಗಳಿವೆ. ಮುಂದಿನದು ಸಕ್ಕರೆ ಹಿಡಿಯುವ ಭಾಗ, ಹಿಂದಿನದು ಎಳೆಗೆ ಅಂಟಿಕೊಂಡ ಭಾಗ. ಹರಿವು ಇಲ್ಲದಾಗ ಎರಡೂ ಒಂದಕ್ಕೊಂದು ಒತ್ತಿಕೊಂಡಿರುತ್ತವೆ, ಆಗ ಮುಂದಿನ ಗುಳಿ ಸಡಿಲವಾಗಿರುತ್ತದೆ. ಬ್ಯಾಕ್ಟೀರಿಯಾ ಹಿಡಿಯುತ್ತದೆ, ಬಿಡುತ್ತದೆ, ಸ್ವಲ್ಪ ಮುಂದೆ ಹೋಗಿ ಮತ್ತೆ ಹಿಡಿಯುತ್ತದೆ. ಮೂತ್ರ ಜೋರಾಗಿ ಹರಿದಾಗ ಬ್ಯಾಕ್ಟೀರಿಯಾವನ್ನು ಎಳೆಯುತ್ತದೆ, ಆ ಎಳೆತಕ್ಕೆ ಎರಡು ಭಾಗಗಳೂ ಬೇರೆಯಾಗುತ್ತವೆ, ಬೇರೆಯಾದ ಕೂಡಲೇ ಮುಂದಿನ ಗುಳಿ ಸಕ್ಕರೆಯ ಸುತ್ತ ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ಬಾವಿಗೆ ಬಿಡುವ ಕೊಡದ ಕುತ್ತಿಗೆಗೆ ಹಾಕುವ ಕುಣಿಕೆ ನೋಡಿದ್ದೀರಲ್ಲ, ಎಳೆದಷ್ಟೂ ಬಿಗಿಯುತ್ತದೆ, ಅದೇ ಕ್ರಮ ಇದು. ಇದನ್ನು ಕ್ಯಾಚ್ ಬಾಂಡ್ ಅನ್ನುತ್ತಾರೆ. 2002ರಲ್ಲಿ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ವೆಂಡಿ ಥಾಮಸ್, ಎವ್ಗೆನಿ ಸೊಕುರೆಂಕೊ, ವಯೋಲಾ ಫೋಗಲ್ ಮತ್ತು ಜೊತೆಯವರು ಇದನ್ನು ತೋರಿಸಿದರು. ದ್ರವದ ಹರಿವು ಹೆಚ್ಚಿಸಿದರೆ ಬ್ಯಾಕ್ಟೀರಿಯಾ ಕಿತ್ತುಬರಬೇಕಿತ್ತು. ಬದಲಿಗೆ ಇನ್ನೂ ಗಟ್ಟಿಯಾಗಿ ಅಂಟಿಕೊಂಡವು. ಜೊತೆಗೆ ಎಳೆಯ ಕಾಂಡದ ಸುರುಳಿಯೂ ಎಳೆದಾಗ ಬಿಚ್ಚಿಕೊಂಡು ಉದ್ದವಾಗುತ್ತದೆ, ಹರಿವು ನಿಂತಾಗ ಮತ್ತೆ ಸುತ್ತಿಕೊಳ್ಳುತ್ತದೆ. ಹಾಗಾಗಿ ಒಮ್ಮೆಲೇ ಬೀಳುವ ಜಗ್ಗು ತುದಿಗೆ ಪೂರ್ತಿ ತಟ್ಟುವುದಿಲ್ಲ.

ನನಗೆ ಇದರಲ್ಲಿ ತುಂಬಾ ಹಿಡಿಸುವ ಸಂಗತಿ ಅಂದರೆ, ನಮ್ಮ ಮೈ ಕೂಡ ಸುಮ್ನೆ ಕೂತಿಲ್ಲ. ಕಿಡ್ನಿ ಯೂರೋಮಾಡ್ಯುಲಿನ್ ಅನ್ನುವ ಪ್ರೋಟೀನನ್ನು ಮೂತ್ರಕ್ಕೆ ಬಿಡುತ್ತದೆ. 1950ರಲ್ಲಿ ಟಾಮ್ ಮತ್ತು ಹಾರ್ಸ್‌ಫಾಲ್ ಅನ್ನುವ ಇಬ್ಬರು ಇದನ್ನು ಮೂತ್ರದಿಂದ ಬೇರ್ಪಡಿಸಿದ್ದರು. ಆರೋಗ್ಯವಂತರ ಮೂತ್ರದಲ್ಲಿ ಅತಿ ಹೆಚ್ಚಿರುವ ಪ್ರೋಟೀನ್ ಇದೇ. ಇದರ ಮೇಲೂ ಮ್ಯಾನೋಸ್ ಇದೆ, ಉದ್ದುದ್ದ ಎಳೆಗಳಾಗಿ ಮೂತ್ರದಲ್ಲಿ ತೇಲುತ್ತಿರುತ್ತದೆ. ಬ್ಯಾಕ್ಟೀರಿಯಾ ಗೋಡೆಯ ಬದಲು ಇದನ್ನು ಹಿಡಿದರೆ ಅಲ್ಲಿಗೆ ಅದರ ಕಥೆ ಮುಗಿಯಿತು, ಮುಂದಿನ ಸಲ ಮೂತ್ರಕ್ಕೆ ಹೋದಾಗ ಹೊರಗೆ. ನಮಗೆ ಗೊತ್ತೇ ಆಗದಂತೆ ಎಷ್ಟು ಸೋಂಕು ಹೀಗೆ ತಪ್ಪಿರಬೇಕು ಯೋಚಿಸಿ.

ಬಿಎಸ್ಸಿ ಬೆಂಚು

ಮೇಲಿನ ಉತ್ತರಕ್ಕೆ ಧನ್ಯವಾದ, ಆದರೆ ನನಗೆ ಈಗ ಬೇರೆ ಗೊಂದಲ. ಹರಿವು ಜಾಸ್ತಿಯಾದಷ್ಟೂ ಹಿಡಿತ ಬಿಗಿಯುತ್ತದೆ ಅಂದರೆ, ನೀರು ಜಾಸ್ತಿ ಕುಡಿಯುವುದು ಬ್ಯಾಕ್ಟೀರಿಯಾಗೇ ಅನುಕೂಲ ಆಗಬೇಕಲ್ಲ? ಡಾಕ್ಟರುಗಳೆಲ್ಲ ನೀರು ಕುಡಿಯಿರಿ ಅಂತಾರೆ. ಎರಡೂ ಹೇಗೆ ಸರಿ?

ಇನ್ನೊಂದು, ಎಲ್ಲ ಬ್ಯಾಕ್ಟೀರಿಯಾದ ಮೇಲೂ ಯಾವಾಗಲೂ ಪಿಲೈ ಇರುತ್ತಾ?

ಅಗಾರ್ ಪ್ಲೇಟ್

ಎರಡೂ ಸರಿ. ನೀರು ಕುಡಿಯುವುದನ್ನು ಯಾರೂ ನಿಲ್ಲಿಸಬೇಡಿ. ಹಿಡಿದು ಕೂತ ಬ್ಯಾಕ್ಟೀರಿಯಾವನ್ನು ನೀರು ಕೀಳಲಾರದು ನಿಜ, ಆದರೆ ಮೂತ್ರದಲ್ಲಿ ತೇಲುತ್ತಿರುವುದು, ಇನ್ನೂ ಹಿಡಿತ ಸಿಗದಿರುವುದು, ಯೂರೋಮಾಡ್ಯುಲಿನ್‌ಗೆ ಅಂಟಿರುವುದು, ಉದುರಿದ ಕೋಶದ ಜೊತೆ ಬಂದಿರುವುದು, ಇವೆಲ್ಲ ಹೊರಗೆ ಹೋಗುತ್ತವೆ. ಪದೇ ಪದೇ ಖಾಲಿಯಾದರೆ ಬೆಳೆಯಲು ಸಿಗುವ ಸಮಯವೂ ಕಡಿಮೆ.

ಇದನ್ನು ಪರೀಕ್ಷೆ ಮಾಡಿಯೂ ನೋಡಿದ್ದಾರೆ. 2018ರಲ್ಲಿ ಪ್ರಕಟವಾದ ಪ್ರಯೋಗ, ನಡೆದದ್ದು ಬಲ್ಗೇರಿಯಾದಲ್ಲಿ. ಪದೇ ಪದೇ ಸೋಂಕು ಬರುತ್ತಿದ್ದ, ದಿನಕ್ಕೆ ಒಂದೂವರೆ ಲೀಟರಿಗಿಂತ ಕಡಿಮೆ ಕುಡಿಯುತ್ತಿದ್ದ, ಇನ್ನೂ ಮುಟ್ಟು ನಿಲ್ಲದ 140 ಹೆಂಗಸರು. ಅರ್ಧ ಜನ ದಿನಕ್ಕೆ ಒಂದೂವರೆ ಲೀಟರ್ ನೀರು ಹೆಚ್ಚಿಗೆ ಕುಡಿದರು, ಉಳಿದವರು ಎಂದಿನಂತೆ. ವರ್ಷದ ಕೊನೆಗೆ ಹೆಚ್ಚು ನೀರು ಕುಡಿದವರಿಗೆ ಸರಾಸರಿ 1.7 ಸಲ ಸೋಂಕು, ಉಳಿದವರಿಗೆ 3.2 ಸಲ. ಒಂದು ಮಾತ್ರೆಯೂ ಇಲ್ಲದೆ ಇಷ್ಟು ವ್ಯತ್ಯಾಸ. ಆದರೆ ಅವರು ಮೊದಲು ಕಡಿಮೆ ಕುಡಿಯುತ್ತಿದ್ದವರು ಅನ್ನುವುದನ್ನು ಮರೆಯಬೇಡಿ. ಈಗಾಗಲೇ ಚೆನ್ನಾಗಿ ಕುಡಿಯುವವರು ಇನ್ನೂ ನಾಲ್ಕು ಲೀಟರ್ ಸುರಿದುಕೊಂಡರೆ ಅಷ್ಟೇ ಲಾಭ ಅಂತ ಇದರಿಂದ ಹೇಳಲಾಗದು. ಕಿಡ್ನಿ ಅಥವಾ ಹೃದಯದ ತೊಂದರೆ ಇದ್ದು ನೀರಿಗೆ ಮಿತಿ ಹಾಕಿದ್ದರೆ ಡಾಕ್ಟರ್ ಹೇಳಿದ ಅಳತೆಯೇ ಕೊನೆ.

ಪಿಲೈ ಯಾವಾಗಲೂ ಇರುವುದಿಲ್ಲ. ಪಿಲೈ ಜೀನ್‌ಗಳ ಮುಂದೆ 314 ಅಕ್ಷರಗಳ ಒಂದು ಡಿಎನ್ಎ ತುಂಡು ಇದೆ. ಅದು ಒಂದು ದಿಕ್ಕಿಗಿದ್ದರೆ ಪಿಲೈ ತಯಾರಾಗುತ್ತದೆ, ತಿರುಗಿಬಿದ್ದರೆ ಇಲ್ಲ. ತಿರುಗಿಸಲು ಅದಕ್ಕೇ ಬೇರೆ ಕಿಣ್ವಗಳಿವೆ. ಹಾಗಾಗಿ ಒಂದೇ ತಳಿಯಲ್ಲಿ ಯಾವ ಗಳಿಗೆಯಲ್ಲೂ ಕೆಲವಕ್ಕೆ ಪಿಲೈ ಇರುತ್ತದೆ, ಕೆಲವಕ್ಕೆ ಇರುವುದಿಲ್ಲ. ಹಿಡಿದು ನಿಲ್ಲುವವು ಒಂದಷ್ಟು, ಈಜಿ ಮೇಲೆ ಹೋಗುವವು ಒಂದಷ್ಟು. ನಿಮ್ಮ ಸಿಲಬಸ್‌ನಲ್ಲಿ ಫೇಸ್ ವೇರಿಯೇಷನ್ ಅಂತ ಬರುತ್ತದೆ ನೋಡಿ, ಅದರ ಒಳ್ಳೆಯ ಉದಾಹರಣೆ.

ರಾತ್ರಿ ಪಾಳಿ

ನಾನು ಸ್ಟಾಫ್ ನರ್ಸ್. ತುಂಗಾತೀರ ಅವರ ಎರಡನೇ ಪ್ರಶ್ನೆ, ಅಂದರೆ ಎಲ್ಲಿ ಅಡಗಿತ್ತು ಅನ್ನುವುದು, ನನ್ನನ್ನೂ ಬಹಳ ಕಾಡಿತ್ತು. ಓದಿ ತಿಳಿದದ್ದನ್ನು ಬರೆಯುತ್ತೇನೆ, ಅಗಾರ್ ಪ್ಲೇಟ್ ಅವರು ಬಿಟ್ಟುಹೋದದ್ದನ್ನು ಸೇರಿಸಲಿ.

ಬ್ಯಾಕ್ಟೀರಿಯಾ ಗೋಡೆಗೆ ಅಂಟಿ ಹೊರಗೇ ಉಳಿಯುವುದಿಲ್ಲ. ಅಂಟಿದ ಜಾಗದಲ್ಲಿ ಕೋಶವೇ ಅದನ್ನು ಒಳಗೆ ಎಳೆದುಕೊಳ್ಳುತ್ತದೆ, ಫಿಮ್‌ಎಚ್ ಅದಕ್ಕೆ ಪ್ರೇರಣೆ ಕೊಡುತ್ತದೆ. ಒಳಗೆ ಬಂದ ಬಹಳಷ್ಟನ್ನು ಕೋಶ ಮತ್ತೆ ಹೊರಗೆ ಉಗುಳುತ್ತದೆ. ತಪ್ಪಿಸಿಕೊಂಡ ಒಂದೆರಡು ಒಳಗೇ ಹೆಚ್ಚುತ್ತಾ ಹೋಗಿ, ಕೆಲವೇ ಗಂಟೆಗಳಲ್ಲಿ ಒಂದೇ ಕೋಶದೊಳಗೆ ಸಾವಿರಾರು ಬ್ಯಾಕ್ಟೀರಿಯಾ ಗುಂಪುಗಟ್ಟುತ್ತವೆ. ಇಲಿಗಳಲ್ಲಿ ಇದನ್ನು 2003ರಲ್ಲಿ ಸೇಂಟ್ ಲೂಯಿಸ್‌ನ ಸ್ಕಾಟ್ ಹಲ್ಟ್‌ಗ್ರೆನ್ ಅವರ ಲ್ಯಾಬ್ ವಿವರಿಸಿತು. ಮನುಷ್ಯರಲ್ಲೂ ಹೀಗೆ ಆಗುತ್ತದೆಯೇ ಅನ್ನುವ ಪ್ರಶ್ನೆಗೆ 2007ರಲ್ಲಿ ಉತ್ತರ ಸಿಕ್ಕಿತು. ಸೋಂಕಿದ್ದ 80 ಹೆಂಗಸರ ಮೂತ್ರವನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದಾಗ 14 ಜನರ ಮೂತ್ರದಲ್ಲಿ ಉದುರಿದ ಕೋಶಗಳ ಒಳಗೆ ಇಂಥ ಗುಂಪುಗಳೇ ಕಂಡವು.

ಕೋಶದ ಒಳಗೆ ಕೂತ ಬ್ಯಾಕ್ಟೀರಿಯಾಗೆ ಮೂತ್ರದ ಹರಿವು ತಟ್ಟುವುದಿಲ್ಲ. ಎಷ್ಟೋ ಆಂಟಿಬಯೋಟಿಕ್‌ಗಳೂ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ.

ಮೈ ಇದಕ್ಕೂ ಉತ್ತರ ಕೊಡುತ್ತದೆ. ಸೋಂಕು ತಗುಲಿದ ಕೋಶ ತಾನೇ ಸತ್ತು ಗೋಡೆಯಿಂದ ಕಳಚಿಕೊಂಡು, ತನ್ನೊಳಗಿನ ಬ್ಯಾಕ್ಟೀರಿಯಾ ಸಮೇತ ಮೂತ್ರದಲ್ಲಿ ಹೋಗಿಬಿಡುತ್ತದೆ. ತಿಂಗಳುಗಟ್ಟಲೆ ಬಾಳಬೇಕಾದ ಕೋಶಗಳು ಗಂಟೆಗಳಲ್ಲಿ ಉದುರುತ್ತವೆ. ರಕ್ತದಿಂದ ಬಿಳಿ ಕಣಗಳು ನುಗ್ಗಿ ಬರುತ್ತವೆ, ನಿಮ್ಮ ರಿಪೋರ್ಟ್‌ನಲ್ಲಿ ಪಸ್ ಸೆಲ್ಸ್ ಅಂತ ಬರೆದಿರುವುದು ಅವನ್ನೇ. ಉರಿ, ಕೆಳಹೊಟ್ಟೆ ನೋವು, ಈಗಷ್ಟೇ ಹೋಗಿ ಬಂದರೂ ಮತ್ತೆ ಹೋಗಬೇಕು ಅನಿಸುವುದು, ಇದೆಲ್ಲ ಹೆಚ್ಚಾಗಿ ಈ ಹೋರಾಟದಿಂದ ಬರುವ ತೊಂದರೆ. ಆದರೆ ಮೇಲ್ಪದರ ಕಳಚಿದಾಗ ಕೆಳಗಿನ ಇನ್ನೂ ಬಲಿಯದ ಕೋಶಗಳು ತೆರೆದುಕೊಳ್ಳುತ್ತವೆ. ಕೆಲವು ಬ್ಯಾಕ್ಟೀರಿಯಾ ಅಲ್ಲಿಗೆ ಇಳಿದು, ಹೆಚ್ಚದೆ, ಅಲುಗಾಡದೆ ಇದ್ದುಬಿಡುತ್ತವೆ. ಬೆಳೆಯದೆ ಇರುವ ಬ್ಯಾಕ್ಟೀರಿಯಾ ಮೇಲೆ ಹೆಚ್ಚಿನ ಆಂಟಿಬಯೋಟಿಕ್‌ಗಳು ಅಷ್ಟು ಕೆಲಸ ಮಾಡುವುದಿಲ್ಲ. ಮೂತ್ರದ ಕಲ್ಚರ್ ಆಗ ಶುದ್ಧವಾಗಿಯೇ ಬರುತ್ತದೆ. ಇಲಿಗಳಲ್ಲಿ ಇಂಥವು ವಾರಗಟ್ಟಲೆ ಉಳಿದು ಮತ್ತೆ ಎದ್ದದ್ದನ್ನು ನೋಡಿದ್ದಾರೆ.

ಇದೊಂದೇ ದಾರಿ ಅಲ್ಲ. ಕರುಳು ಇನ್ನೊಂದು ಉಗ್ರಾಣ. ಮೂತ್ರಕೋಶ ಪೂರ್ತಿ ಶುದ್ಧವಾದರೂ ಅದೇ ತಳಿ ಕರುಳಿನಲ್ಲಿ ಇದ್ದು ಮತ್ತೆ ಮೇಲೆ ಹತ್ತಬಹುದು. ಒಮ್ಮೆ ಸೋಂಕು ಬಂದವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಆರು ತಿಂಗಳೊಳಗೆ ಮತ್ತೆ ಬರುತ್ತದೆ. ಆರು ತಿಂಗಳಲ್ಲಿ ಎರಡು ಅಥವಾ ವರ್ಷದಲ್ಲಿ ಮೂರು ಸಲ ಬಂದರೆ ಅದನ್ನು ಮರುಕಳಿಸುವ ಸೋಂಕು ಅಂತ ಪರಿಗಣಿಸಿ ಬೇರೆಯಾಗಿ ನೋಡಬೇಕು. ಸ್ಕ್ಯಾನ್, ರಕ್ತದ ಸಕ್ಕರೆ ಪರೀಕ್ಷೆ, ಕಲ್ಲು ಇದೆಯೇ ಅನ್ನುವುದು, ಇವೆಲ್ಲ ಆಗ ಬೇಕಾಗಬಹುದು.

ಒಂದು ವಿಷಯ ಕೈ ಮುಗಿದು ಕೇಳುತ್ತೇನೆ. ಹೋದ ಸಲ ಬರೆದ ಚೀಟಿಯ ಮಾತ್ರೆಯನ್ನೇ ಮೆಡಿಕಲ್ ಶಾಪಿನಲ್ಲಿ ತೆಗೆದುಕೊಂಡು ಎರಡು ದಿನ ನುಂಗಿ ನಿಲ್ಲಿಸಬೇಡಿ. ನಮ್ಮ ದೇಶದಲ್ಲಿ ಮೂತ್ರದಿಂದ ಸಿಗುವ ಇ. ಕೋಲೈನಲ್ಲಿ ಸಿಪ್ರೊಫ್ಲಾಕ್ಸಸಿನ್‌ಗೆ ಬಗ್ಗದವು ಬಹಳ ಜಾಸ್ತಿ, ಸೆಫಲೋಸ್ಪೋರಿನ್‌ಗಳಿಗೂ ಹಾಗೇ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಪ್ರತಿ ವರ್ಷ ಹೊರತರುವ ವರದಿಯಲ್ಲಿ ಇದು ಕಣ್ಣಿಗೆ ಹೊಡೆಯುವಂತಿದೆ. ಹಳೆಯ ನೈಟ್ರೋಫ್ಯುರಾಂಟಾಯಿನ್, ಫಾಸ್ಫೊಮೈಸಿನ್ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತಿವೆ, ಅವನ್ನಾದರೂ ಉಳಿಸಿಕೊಳ್ಳಬೇಕು. ಜ್ವರ, ಚಳಿ ನಡುಕ, ಸೊಂಟದ ಮೇಲೆ ಪಕ್ಕೆ ನೋವು, ವಾಂತಿ ಬಂದರೆ ಕಾಯಬೇಡಿ, ಅದು ಕಿಡ್ನಿಗೆ ಹತ್ತಿದ ಲಕ್ಷಣ, ಅವತ್ತೇ ಆಸ್ಪತ್ರೆಗೆ ಹೋಗಿ. ಗರ್ಭಿಣಿಯರು ಸಣ್ಣ ಉರಿ ಇದ್ದರೂ ತೋರಿಸಲೇಬೇಕು.

ಕಾಫಿ ಎಸ್ಟೇಟ್

ಕ್ರ್ಯಾನ್‌ಬೆರಿ ಮಾತ್ರೆ, ಡಿ-ಮ್ಯಾನೋಸ್ ಪುಡಿ ಅಂತ ಆನ್‌ಲೈನ್‌ನಲ್ಲಿ ದುಬಾರಿ ಬೆಲೆಗೆ ಮಾರುತ್ತಿದ್ದಾರೆ. ಫಿಮ್‌ಎಚ್ ಹಿಡಿಯುವುದು ಮ್ಯಾನೋಸ್ ಅನ್ನುವುದಾದರೆ, ಮ್ಯಾನೋಸ್ ತಿಂದು ಮೂತ್ರದಲ್ಲಿ ಬಿಟ್ಟರೆ ಬ್ಯಾಕ್ಟೀರಿಯಾ ಅದನ್ನೇ ಹಿಡಿದು ಹೊರಗೆ ಬರಬೇಕು. ತರ್ಕ ಸರಿಯಾಗೇ ಕಾಣುತ್ತದೆ. ಹೆಂಡತಿಗೆ ಕೊಡಿಸಲೇ? ಅವಳು ಸದ್ಯಕ್ಕೆ ಬಾರ್ಲಿ ಮತ್ತು ಎಳನೀರನ್ನೇ ನಂಬಿದ್ದಾಳೆ.

ಅಗಾರ್ ಪ್ಲೇಟ್

ತರ್ಕ ನಿಜಕ್ಕೂ ಚೆನ್ನಾಗಿದೆ, ಹಾಗಾಗಿಯೇ ಅದನ್ನು ದೊಡ್ಡದಾಗಿ ಪರೀಕ್ಷೆ ಮಾಡಿದರು. ಬ್ರಿಟನ್ನಿನಲ್ಲಿ ಪದೇ ಪದೇ ಸೋಂಕು ಬರುತ್ತಿದ್ದ 598 ಹೆಂಗಸರು, ದಿನಾ 2 ಗ್ರಾಂ ಡಿ-ಮ್ಯಾನೋಸ್ ಅಥವಾ ನೋಡಲು ಹಾಗೆಯೇ ಇರುವ ಬೇರೆ ಸಕ್ಕರೆ, ಆರು ತಿಂಗಳು. 2024ರಲ್ಲಿ ಫಲಿತಾಂಶ ಬಂತು. ಎರಡೂ ಗುಂಪಿನಲ್ಲಿ ಅರ್ಧದಷ್ಟು ಜನರಿಗೆ ಮತ್ತೆ ತೊಂದರೆ ಬಂದು ಡಾಕ್ಟರ್ ಹತ್ತಿರ ಹೋಗಬೇಕಾಯಿತು. ಲೆಕ್ಕಕ್ಕೆ ಬರುವ ವ್ಯತ್ಯಾಸ ಇರಲಿಲ್ಲ. ದುಡ್ಡು ಉಳಿಸಿ.

ಯಾಕೆ ಸೋತಿತು ಅನ್ನುವುದಕ್ಕೆ ಕ್ಯಾಚ್ ಬಾಂಡ್ ಒಂದು ಸುಳಿವು ಕೊಡುತ್ತದೆ ಅಂತ ನನಗನಿಸುತ್ತದೆ. ಎಳೆತದಲ್ಲಿ ಬಿಗಿಯಾಗಿ ಮುಚ್ಚಿದ ಫಿಮ್‌ಎಚ್‌ನ ಗುಳಿಗೆ ಮೂತ್ರದಲ್ಲಿ ತೇಲುವ ಬಿಡಿ ಸಕ್ಕರೆ ನುಗ್ಗಲು ಆಗುವುದಿಲ್ಲ. ಬಿಡಿ ಮ್ಯಾನೋಸ್‌ನ ಹಿಡಿತವೂ ದುರ್ಬಲ. ಹಾಗಾಗಿ ಈಗ ವಿಜ್ಞಾನಿಗಳು ಮ್ಯಾನೋಸಿಗೆ ಬೇರೆ ರಾಸಾಯನಿಕ ಬಾಲ ಜೋಡಿಸಿ, ಫಿಮ್‌ಎಚ್‌ನ ಗುಳಿಯಲ್ಲಿ ಎಷ್ಟೋ ಪಟ್ಟು ಗಟ್ಟಿಯಾಗಿ ಕೂರುವ ಮ್ಯಾನೋಸೈಡ್ ಅನ್ನುವ ಔಷಧಿಗಳನ್ನು ಕಟ್ಟುತ್ತಿದ್ದಾರೆ. ಇಲಿಗಳಲ್ಲಿ ಚೆನ್ನಾಗಿ ಕೆಲಸ ಮಾಡಿವೆ. ಬ್ಯಾಕ್ಟೀರಿಯಾವನ್ನು ಕೊಲ್ಲದೆ ಬರೀ ಹಿಡಿತ ತಪ್ಪಿಸುವ ಔಷಧಿಗೆ ಆಂಟಿಬಯೋಟಿಕ್‌ನಷ್ಟು ಬೇಗ ಪ್ರತಿರೋಧ ಬೆಳೆಯಲಾರದು ಅನ್ನುವುದು ಆಸೆ. ನಾನು ಈ ದಾರಿಯ ಮೇಲೆ ಬಹಳ ಭರವಸೆ ಇಟ್ಟಿದ್ದೇನೆ.

ಕ್ರ್ಯಾನ್‌ಬೆರಿ ವಿಷಯ ಅಷ್ಟು ಕೆಟ್ಟದಾಗಿಲ್ಲ. ಕಾಕ್ರೇನ್ ಅನ್ನುವ ಸಂಸ್ಥೆಯ 2023ರ ವಿಮರ್ಶೆ 50 ಅಧ್ಯಯನಗಳನ್ನು ಸೇರಿಸಿ ನೋಡಿತು. ಪದೇ ಪದೇ ಸೋಂಕು ಬರುವ ಹೆಂಗಸರಲ್ಲಿ ಅಪಾಯ ಸುಮಾರು ಕಾಲು ಭಾಗ ಕಡಿಮೆ. ಮಕ್ಕಳಲ್ಲಿ ಅರ್ಧದಷ್ಟು. ಆದರೆ ಬಂದ ಸೋಂಕನ್ನು ಅದು ಗುಣ ಮಾಡುವುದಿಲ್ಲ, ಬರದಂತೆ ತಡೆಯಲು ಸ್ವಲ್ಪ ಸಹಾಯ ಅಷ್ಟೆ. ಬಾರ್ಲಿ, ಎಳನೀರು, ಮಜ್ಜಿಗೆ ಎಲ್ಲ ಕುಡಿಯಲಿ, ಮೈಗೆ ನೀರಿನಂಶ ಸೇರುತ್ತದೆ, ಗಟ್ಟಿಯಾದ ಮೂತ್ರ ತೆಳುವಾಗಿ ಉರಿಯೂ ಕಡಿಮೆಯಾಗುತ್ತದೆ. ನಮ್ಮ ಕಡೆ ಉಷ್ಣ ಅನ್ನುವ ಎಷ್ಟೋ ಪ್ರಸಂಗಗಳಲ್ಲಿ ಸೋಂಕೇ ಇರುವುದಿಲ್ಲ, ನೀರು ಸಾಲದೆ ಉರಿಯುತ್ತಿರುತ್ತದೆ, ಅಲ್ಲಿ ಅಜ್ಜಿ ಹೇಳಿದ್ದು ಪೂರ್ತಿ ಸರಿ. ಸೋಂಕೇ ಇದ್ದಾಗ ಬಾರ್ಲಿ ಬ್ಯಾಕ್ಟೀರಿಯಾದ ಹಿಡಿತ ಬಿಡಿಸುತ್ತದೆ ಅಂತ ನಂಬಿ ದಿನ ದೂಡಬಾರದು.

ಇನ್ನೊಂದು ಎಚ್ಚರ. ಉರಿ ಶಮನಕ್ಕೆ ಕೊಡುವ ಆಲ್ಕಲೈಸರ್ ಸಿರಪ್ ಮೂತ್ರವನ್ನು ಕ್ಷಾರದ ಕಡೆಗೆ ತಿರುಗಿಸುತ್ತದೆ. ನೈಟ್ರೋಫ್ಯುರಾಂಟಾಯಿನ್ ಚೆನ್ನಾಗಿ ಕೆಲಸ ಮಾಡುವುದು ಆಮ್ಲದ ಮೂತ್ರದಲ್ಲಿ. ಎರಡನ್ನೂ ನಿಮ್ಮಷ್ಟಕ್ಕೆ ನೀವೇ ಒಟ್ಟಿಗೆ ತೆಗೆದುಕೊಳ್ಳಬೇಡಿ, ಡಾಕ್ಟರ್ ಹತ್ತಿರ ಕೇಳಿ.

ಹೈಸ್ಕೂಲು ಮೇಷ್ಟ್ರು

ವಿಜ್ಞಾನ ಓದಿ ಖುಷಿಯಾಯಿತು. ನಾನು ಬೇರೆ ಕಡೆಯಿಂದ ಒಂದು ಮಾತು ಹೇಳುತ್ತೇನೆ. ನೀರು ಕುಡಿಯಿರಿ ಅನ್ನುವುದು ಸುಲಭ, ಕುಡಿದ ಮೇಲೆ ಹೋಗಲು ಜಾಗ ಬೇಕಲ್ಲ. ನನ್ನ ತರಗತಿಯ ಹೆಣ್ಣುಮಕ್ಕಳು ಬೆಳಿಗ್ಗೆ ಮನೆ ಬಿಟ್ಟರೆ ಸಂಜೆವರೆಗೂ ಬಾಟಲಿ ತೆಗೆಯುವುದಿಲ್ಲ, ಯಾಕೆಂದರೆ ಶೌಚಾಲಯಕ್ಕೆ ಬಾಗಿಲಿದ್ದರೆ ಚಿಲಕ ಇಲ್ಲ, ಚಿಲಕ ಇದ್ದರೆ ನೀರಿಲ್ಲ. ಅವರ ತಾಯಂದಿರು ಗಾರ್ಮೆಂಟ್ಸ್‌ನಲ್ಲಿ, ಬಸ್‌ಸ್ಟ್ಯಾಂಡ್ ಅಂಗಡಿಯಲ್ಲಿ, ಹೊಲದಲ್ಲಿ ಅದನ್ನೇ ಮಾಡುತ್ತಾರೆ. ಮೂತ್ರ ಕಟ್ಟಿಕೊಂಡು ಕೂತಷ್ಟು ಹೊತ್ತೂ ಮೇಲೆ ಹೇಳಿದ ಈ ಬ್ಯಾಕ್ಟೀರಿಯಾಗೆ ಅಡ್ಡಿ ಮಾಡುವವರು ಯಾರೂ ಇಲ್ಲ ಅಂತಾಯಿತು. ಬಲ್ಗೇರಿಯಾದ ಪ್ರಯೋಗದಲ್ಲಿ ಒಂದೂವರೆ ಲೀಟರ್ ನೀರಿನಿಂದ ಸೋಂಕು ಅರ್ಧಕ್ಕಿಳಿಯಿತು ಅಂದರೆ, ಒಂದು ಒಳ್ಳೆಯ ಶೌಚಾಲಯ ಎಷ್ಟು ಆಂಟಿಬಯೋಟಿಕ್ ಉಳಿಸಬಹುದು ಲೆಕ್ಕ ಹಾಕಿ. ಶಾಲೆಯ ಎಸ್‌ಡಿಎಂಸಿ ಸಮಿತಿಯ ಸಭೆಯಲ್ಲಿ ಇದನ್ನೇ ಹೇಳುತ್ತಿದ್ದೇನೆ, ಇನ್ನು ಮುಂದೆ ಈ ಅಂಕಿಗಳನ್ನೂ ಇಟ್ಟುಕೊಂಡು ಹೇಳುತ್ತೇನೆ.

ಜೊತೆಗೆ ಒಂದು ಪ್ರಶ್ನೆ. ನಮ್ಮ ತಂದೆಗೆ ಪ್ರಾಸ್ಟೇಟ್ ತೊಂದರೆ, ಮೂತ್ರ ಹೊರಗೆ ಬಿಡುವ ಕೊಳವೆ, ಅಂದರೆ ಕ್ಯಾತಿಟರ್ ಹಾಕಿದ್ದಾರೆ. ಅವರ ಕಲ್ಚರಿನಲ್ಲಿ ಬೇರೆ ಏನೋ ಹೆಸರು ಬಂತು, ಎಂಟೆರೊಕಾಕಸ್ ಅಂತ. ಅದೂ ಇದೇ ರೀತಿ ಹಿಡಿಯುತ್ತದೆಯೇ?

ರಾತ್ರಿ ಪಾಳಿ

ಮೇಷ್ಟ್ರೇ, ನೀವು ಹೇಳಿದ್ದು ನೂರಕ್ಕೆ ನೂರು ನಿಜ. ನರ್ಸ್‌ಗಳೂ ಡ್ಯೂಟಿಯಲ್ಲಿ ಹೀಗೇ ಕಟ್ಟಿಕೊಂಡು ಇರುತ್ತೇವೆ.

ಕ್ಯಾತಿಟರ್ ಕಥೆ ಬೇರೆ. ಕೊಳವೆ ಉಜ್ಜಿ ಮೂತ್ರಕೋಶದ ಗೋಡೆಗೆ ಸಣ್ಣ ಗಾಯವಾಗುತ್ತದೆ. ಗಾಯಕ್ಕೆ ರಕ್ತದಿಂದ ಫೈಬ್ರಿನೋಜನ್ ಅನ್ನುವ, ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್ ಬಂದು ಕೊಳವೆಯ ಮೇಲೆಲ್ಲ ಪದರವಾಗಿ ಕೂರುತ್ತದೆ. ಎಂಟೆರೊಕಾಕಸ್‌ನ ಪಿಲೈ ತುದಿಯಲ್ಲಿರುವ ಇಬಿಪಿ-ಎ ಅನ್ನುವ ಪ್ರೋಟೀನ್ ಆ ಫೈಬ್ರಿನೋಜನ್ನನ್ನು ಹಿಡಿಯುತ್ತದೆ. ಅಂದರೆ ಕೊಳವೆ ಇರುವವರೆಗೂ ಅದಕ್ಕೆ ಹಿಡಿಯಲು ಜಾಗ ಸಿಗುತ್ತಲೇ ಇರುತ್ತದೆ. ಪ್ರೋಟಿಯಸ್ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾ ಯೂರಿಯಾವನ್ನು ಒಡೆದು ಮೂತ್ರವನ್ನು ಕ್ಷಾರ ಮಾಡುತ್ತದೆ, ಆಗ ಹರಳುಗಟ್ಟಿ ಕೊಳವೆಯೇ ಮುಚ್ಚಿಹೋಗುತ್ತದೆ. ಚೀಲಕ್ಕೆ ಮೂತ್ರ ಬರುವುದು ನಿಂತರೆ, ಕೆಳಹೊಟ್ಟೆ ಬಿಗಿದರೆ ತಕ್ಷಣ ತೋರಿಸಿ. ಕ್ಯಾತಿಟರ್ ಇನ್ನೂ ಬೇಕೇ ಅಂತ ಪ್ರತಿ ಭೇಟಿಯಲ್ಲೂ ಡಾಕ್ಟರ್ ಹತ್ತಿರ ಕೇಳಿ. ಬೇಡವಾದ ದಿನವೇ ತೆಗೆಸುವುದು ಎಲ್ಲಕ್ಕಿಂತ ದೊಡ್ಡ ತಡೆ. ಕ್ಯಾತಿಟರ್ ಇದ್ದವರ ಕಲ್ಚರಿನಲ್ಲಿ ಬ್ಯಾಕ್ಟೀರಿಯಾ ಸಿಗುವುದು ಬಹಳ ಸಾಮಾನ್ಯ. ಜ್ವರ, ನೋವು ಏನೂ ಇಲ್ಲದಿದ್ದರೆ ಬರೀ ರಿಪೋರ್ಟ್ ನೋಡಿ ಆಂಟಿಬಯೋಟಿಕ್ ಕೊಡುವ ಅಗತ್ಯ ಹೆಚ್ಚಾಗಿ ಇರುವುದಿಲ್ಲ.

ತುಂಗಾತೀರ

ಇಷ್ಟು ಸಮಯ ಕೊಟ್ಟು ಬರೆದ ಎಲ್ಲರಿಗೂ ಮನಸಾರೆ ಧನ್ಯವಾದ. ಕುಣಿಕೆ ಬಿಗಿಯುವ ವಿಷಯ ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಎರಡು ಕೇಳುವುದು ಉಳಿದಿದೆ. ಕಿಡ್ನಿಗೆ ಹತ್ತುತ್ತದೆ ಅಂದಿರಿ, ಅಲ್ಲಿಯೂ ಇದೇ ಫಿಮ್‌ಎಚ್ ಕೆಲಸ ಮಾಡುತ್ತದೆಯೇ? ಮತ್ತೆ ನನ್ನ ಅಮ್ಮನಿಗೂ ಮುಟ್ಟು ನಿಂತ ಮೇಲೆ ಇದು ಶುರುವಾಗಿದೆ. ಅದಕ್ಕೇನು ಕಾರಣ?

ಅಗಾರ್ ಪ್ಲೇಟ್

ಕಿಡ್ನಿಯಲ್ಲಿ ಮುಖ್ಯವಾಗಿ ಬೇರೆ ಎಳೆ ಕೆಲಸ ಮಾಡುತ್ತದೆ. ಅದರ ಹೆಸರು ಪಿ ಪಿಲೈ, ತುದಿಯ ಪ್ರೋಟೀನ್ ಪ್ಯಾಪ್‌ಜಿ. ಅದು ಮ್ಯಾನೋಸ್ ಬಿಟ್ಟು ಎರಡು ಗ್ಯಾಲಕ್ಟೋಸ್ ಜೋಡಿಯಾಗಿರುವ ಸಕ್ಕರೆಯನ್ನು ಹಿಡಿಯುತ್ತದೆ. ಕಿಡ್ನಿಯ ಕೋಶಗಳ ಮೇಲೆ ಅದು ಬೇಕಾದಷ್ಟಿದೆ. ಕೆಂಪು ರಕ್ತಕಣಗಳ ಮೇಲೂ ಇದೆ. ಪಿ ಅನ್ನುವ ರಕ್ತದ ಗುಂಪಿನ ಗುರುತು ಅದೇ ಸಕ್ಕರೆ, ಪಿಲೈಗೆ ಆ ಹೆಸರು ಬಂದದ್ದು ಅಲ್ಲಿಂದ. ಬ್ಯಾಕ್ಟೀರಿಯಾ ಅಂಟುವ ಶಕ್ತಿಗೂ ಸೋಂಕಿನ ತೀವ್ರತೆಗೂ ನಂಟಿದೆ ಅಂತ ಸ್ವೀಡನ್ನಿನ ಕ್ಯಾಥರೀನಾ ಸ್ವಾನ್‌ಬೋರ್ಗ್ ಮತ್ತು ಜೊತೆಯವರು 1970ರ ದಶಕದಲ್ಲೇ ತೋರಿಸಿದ್ದರು. ಕಿಡ್ನಿಗೆ ಸೋಂಕು ತಂದ ತಳಿಗಳಲ್ಲಿ ಪಿ ಪಿಲೈ ಬಹಳ ಹೆಚ್ಚಾಗಿ ಸಿಗುತ್ತದೆ.

ಅಮ್ಮನ ವಿಷಯ. ಈಸ್ಟ್ರೋಜನ್ ಅನ್ನುವ ಹಾರ್ಮೋನ್ ಇರುವಾಗ ಯೋನಿಯಲ್ಲಿ ಲ್ಯಾಕ್ಟೋಬ್ಯಾಸಿಲಸ್ ಅನ್ನುವ ಒಳ್ಳೆಯ ಬ್ಯಾಕ್ಟೀರಿಯಾ ತುಂಬಿರುತ್ತದೆ, ಅದು ಜಾಗವನ್ನು ಆಮ್ಲವಾಗಿಟ್ಟು ಇ. ಕೋಲೈಯನ್ನು ದೂರ ಇಡುತ್ತದೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿದು, ಲ್ಯಾಕ್ಟೋಬ್ಯಾಸಿಲಸ್ ಕಡಿಮೆಯಾಗಿ ಇ. ಕೋಲೈ ಮೂತ್ರದ್ವಾರದ ಪಕ್ಕದಲ್ಲೇ ನೆಲೆಯೂರುತ್ತದೆ. 1993ರಲ್ಲಿ ರಾಝ್ ಮತ್ತು ಸ್ಟಾಮ್ ಪ್ರಕಟಿಸಿದ ಪ್ರಯೋಗದಲ್ಲಿ ಯೋನಿಗೆ ಹಚ್ಚುವ ಈಸ್ಟ್ರಿಯಾಲ್ (ಈಸ್ಟ್ರೋಜನ್‌ನ ಒಂದು ಬಗೆ) ಕ್ರೀಮ್ ಬಳಸಿದವರಿಗೆ ವರ್ಷಕ್ಕೆ ಸರಾಸರಿ 0.5 ಸೋಂಕು, ಬಳಸದವರಿಗೆ 5.9. ಇಷ್ಟು ದೊಡ್ಡ ಲಾಭ ಇದ್ದರೂ ನಮ್ಮಲ್ಲಿ ಸಂಕೋಚದಿಂದ ಯಾರೂ ಕೇಳುವುದಿಲ್ಲ, ಕೇಳದೆ ಯಾರೂ ಹೇಳುವುದಿಲ್ಲ. ಅಮ್ಮನನ್ನು ಸ್ತ್ರೀರೋಗ ತಜ್ಞರ ಹತ್ತಿರ ಕರೆದುಕೊಂಡು ಹೋಗಿ ಈ ಕ್ರೀಮ್ ಅವರಿಗೆ ಆಗುತ್ತದೆಯೇ ಅಂತ ನೇರವಾಗಿ ಕೇಳಿ. ಸ್ತನದ ಕ್ಯಾನ್ಸರ್ ಆಗಿದ್ದವರಾದರೆ ಅದನ್ನು ಮೊದಲೇ ಹೇಳಬೇಕು.

ಮತ್ತೆ ಇಬ್ಬರೂ ಕಲ್ಚರಿಗೆ ಕೊಡುವಾಗ ಮೊದಲ ಮೂತ್ರ ಬಿಟ್ಟು ನಡುವಿನದನ್ನು ಹಿಡಿಯಿರಿ, ಆಂಟಿಬಯೋಟಿಕ್ ಶುರು ಮಾಡುವ ಮೊದಲೇ ಕೊಡಿ, ಎರಡು ಗಂಟೆಯೊಳಗೆ ಲ್ಯಾಬ್ ತಲುಪಿಸಿ. ತಡವಾಗುವುದಾದರೆ ಡಬ್ಬಿಯನ್ನು ಫ್ರಿಜ್ಜಿನಲ್ಲಿಡಿ. ಹೊರಗಿಟ್ಟರೆ ಡಬ್ಬಿಯಲ್ಲೇ ಬ್ಯಾಕ್ಟೀರಿಯಾ ಬೆಳೆದು ಎಣಿಕೆ ತಪ್ಪುತ್ತದೆ. ಹಳೆಯ ಕಲ್ಚರ್ ರಿಪೋರ್ಟ್‌ಗಳನ್ನೆಲ್ಲ ಒಂದು ಫೈಲಿನಲ್ಲಿಟ್ಟುಕೊಂಡು ಹೋಗಿ, ಎಸ್ (ಔಷಧಿಗೆ ಬಗ್ಗುವುದು) ಮತ್ತು ಆರ್ (ಬಗ್ಗದಿರುವುದು) ಹೇಗೆ ಬದಲಾಗಿದೆ ಅನ್ನುವುದು ಡಾಕ್ಟರಿಗೆ ಬಹಳ ಸಹಾಯವಾಗುತ್ತದೆ.